ಇಂಗ್ಲೆಂಡಿನ ಜೋಡಿ ಸ್ಪೀಕರು

ಒಂದು ದೇಶದವರು ಎಂಥವರು ಎಂದು ಯಾರಾದರೂ ಕೇಳಿದರೆ ನಾನು ಅವರ ಸ್ಕ್ರೂ ನೋಡಿ ಹೇಳುತ್ತೇನೆ. ದೇಶ ಸುತ್ತಿದವನಲ್ಲ ನಾನು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟೆ. ಈ ಊರು ಬಿಟ್ಟು ಬೇರೆ ಕಡೆ ಮಲಗಿ ಎದ್ದದ್ದು ಬೆರಳೆಣಿಕೆಯಷ್ಟು ಸಲ. ಆದರೆ ಐವತ್ತೆಂಟು ವರ್ಷದಿಂದ ಹೊರದೇಶದ ಆಂಪ್ಲಿಫೈಯರು, ಸ್ಪೀಕರು, ಟೇಪ್ ರೆಕಾರ್ಡರುಗಳ ಹೊಟ್ಟೆ ಬಿಚ್ಚಿ ನೋಡಿದ್ದೇನೆ. ಮುಂಬಾಗಿಲಿನಿಂದ ಹೋದ ನೆಂಟನಿಗೆ ಕಾಣದ್ದು ಹಿತ್ತಿಲಿನಿಂದ ಹೋದವನಿಗೆ ಕಾಣುತ್ತದಲ್ಲ, ಹಾಗೆ.

ಜರ್ಮನಿಯವರು ರಿಪೇರಿಯವನು ಒಂದಲ್ಲ ಒಂದು ದಿನ ಬಂದೇ ಬರುತ್ತಾನೆ ಎಂದು ಮೊದಲೇ ಗೊತ್ತು ಮಾಡಿಕೊಂಡವರು. ಒಂದೊಂದು ತಂತಿಗೂ ಬಣ್ಣ, ಒಂದೊಂದು ಬಿಡಿಭಾಗಕ್ಕೂ ನಂಬರು, ಮುಚ್ಚಳದ ಒಳಮೈಗೆ ಅಂಟಿಸಿದ ನಕ್ಷೆ. ಆದರೆ ಅವರ ದುಂಡು ಪಿನ್ನು ಬೇರೆ ಯಾರ ಸೆಟ್ಟಿಗೂ ಕೂರುವುದಿಲ್ಲ. ನಮ್ಮದೇ ಸರಿ, ಬೇಕಾದರೆ ನೀವು ಬದಲಾಗಿ ಎನ್ನುವ ಹಟ. ಜಪಾನಿನವರದ್ದು ಮುಖ ನೋಡಬೇಕು. ಬೆಳ್ಳಿ ಬಣ್ಣದ ಹಲಗೆ, ದೀಪದ ಹಿಂದೆ ಕುಣಿಯುವ ಮುಳ್ಳು, ಬೆಣ್ಣೆಯ ಮೇಲೆ ಬೆರಳಾಡಿಸಿದ ಹಾಗೆ ತಿರುಗುವ ಗುಂಡಿ. ಅವರ ಸ್ಕ್ರೂ ನೋಡಲು ಎಲ್ಲರ ಪ್ಲಸ್ ಸ್ಕ್ರೂವಿನಂತೆಯೇ ಇರುತ್ತದೆ, ಆದರೆ ಒಳಗಿನ ಕೊರೆತ ಬೇರೆ. ಅದು ತಿಳಿಯುವ ಮೊದಲು ನಾನು ನಲವತ್ತು ಸ್ಕ್ರೂಗಳ ತಲೆ ಸವೆಸಿದ್ದೆ. ಅಲ್ಲಿನ ಮನೆಗಳ ಕರೆಂಟು ನೂರು ವೋಲ್ಟು. ಮಧ್ಯೆ ಒಂದು ಟ್ರಾನ್ಸ್‌ಫಾರ್ಮರ್ ಇಡದೆ ನಮ್ಮ ಗೋಡೆಗೆ ಚುಚ್ಚಿದರೆ ಹಾಡಿನ ಬದಲು ಹೊಗೆ ಬರುತ್ತದೆ. ಅಮೆರಿಕದವರು ಕಬ್ಬಿಣ ಹಾಕುವುದರಲ್ಲಿ ಕೈ ಬಿಗಿ ಹಿಡಿದವರಲ್ಲ, ಮನೆಗೆ ಮಾಡಿದ್ದೂ ಮೈದಾನಕ್ಕೆ ಸಾಕಾಗುತ್ತದೆ. ಡೆನ್ಮಾರ್ಕಿನವರು ಸ್ಕ್ರೂ ಎಲ್ಲಿದೆ ಎಂದೇ ತೋರಿಸುವುದಿಲ್ಲ. ಬಿಚ್ಚುವುದಕ್ಕೇ ಅರ್ಧ ದಿನ ಹೋಗಿ, ಮುಚ್ಚುವಾಗ ಗೀರು ಬೀಳದಿರಲಿ ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿರಬೇಕು. ರಷ್ಯಾದ ಸೆಟ್ಟು ಎತ್ತಿದರೆ ಸೊಂಟ ಹಿಡಿಯುತ್ತದೆ. ಕೈಜಾರಿ ಬಿದ್ದರೆ ನೆಲಕ್ಕೆ ಪೆಟ್ಟೇ ಹೊರತು ಸೆಟ್ಟಿಗಲ್ಲ.

ಇಂಗ್ಲೆಂಡಿನ ವಿಷಯ ಮಾತ್ರ ನಲವತ್ತನಾಲ್ಕು ವರ್ಷ ತಪ್ಪು ಹೇಳಿಕೊಂಡು ಬಂದೆ. ಮೊದಲು ಹೇಳಿದ್ದು ನನ್ನ ಭಾವನಿಗೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹಡಗಿನ ಎಂಜಿನ್ ಕೋಣೆಯಲ್ಲಿ ಎಣ್ಣೆ ಹಾಕುವವರಾಗಿ ಸೇರಿ ಮೇಲೆ ಬಂದವರು. ಹತ್ತು ತಿಂಗಳು ಸಮುದ್ರ, ಎರಡು ತಿಂಗಳು ಮನೆ. ಎಂಜಿನ್ನಿನ ಸದ್ದು ಕೇಳಿಯೇ ಯಾವ ಬೇರಿಂಗು ಸವೆದಿದೆ ಎಂದು ಹೇಳುತ್ತಿದ್ದರಂತೆ. ಹಡಗಿನ ದೊಡ್ಡ ಎಂಜಿನಿಯರನೇ ಅವರನ್ನು ಕರೆಸಿ, ಕಿವಿ ಕೊಟ್ಟು ನೋಡಪ್ಪ ಎನ್ನುತ್ತಿದ್ದನಂತೆ. ಇದನ್ನು ಭಾವ ಹೇಳಿಕೊಂಡದ್ದಲ್ಲ, ಅವರ ಜೊತೆ ಹಡಗಿನಲ್ಲಿದ್ದವರು ಹೇಳಿದ್ದು. ಅದೇ ಕಿವಿ ಹಿಡಿದುಕೊಂಡು ಅವರು ಬಂದರುಗಳಲ್ಲಿ ಇಳಿದಾಗ ಆಡಿಯೋ ಅಂಗಡಿಗಳಿಗೆ ಹೋಗುತ್ತಿದ್ದರು. ಕಣ್ಣು ಮುಚ್ಚಿ ಕೂತು ಕೇಳಿ, ಪ್ರತಿ ಸಲ ಮನೆಗೆ ಬರುವಾಗ ಒಂದೊಂದು ಪೆಟ್ಟಿಗೆ ತರುತ್ತಿದ್ದರು. ಒಮ್ಮೆ ಜರ್ಮನಿಯ ರೆಕಾರ್ಡ್ ಪ್ಲೇಯರು, ಒಮ್ಮೆ ಜಪಾನಿನ ಆಂಪ್ಲಿಫೈಯರು. ಮನೆಯಲ್ಲಿರುವ ಎರಡು ತಿಂಗಳೂ ಭಾನುವಾರ ಮಧ್ಯಾಹ್ನ ಅವರ ಮುಂದಿನ ಕೋಣೆಯಲ್ಲಿ ಆರು ಕುರ್ಚಿ ಹಾಕುತ್ತಿದ್ದರು. ಹಡಗಿನ ಗೆಳೆಯರು ನಾಲ್ವರು, ಪಕ್ಕದ ಮನೆಯ ದರ್ಜಿ, ನಾನು. ಅಕ್ಕ ಟೀ ಮಾಡಿ ಕೊಟ್ಟು ಅಡುಗೆಮನೆಯ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು.

ನನಗೂ ಭಾವನಿಗೂ ದೇಶದ ಮಾತೇ ಮಾತು. ಅವರು ಊರು ಕಂಡವರು, ನಾನು ಸ್ಕ್ರೂ ಕಂಡವನು. ಅವರು ಒಂದು ದೇಶದ ಬಗ್ಗೆ ಎರಡು ಮಾತಾಡಿದರೆ ನಾನು ಅದರ ಸೆಟ್ಟಿನ ಒಳಗನ್ನು ಹೇಳುತ್ತಿದ್ದೆ. ಅದಕ್ಕೇ ನನಗೆ ಸ್ಕ್ರೂರಾಯ ಎಂದು ಹೆಸರಿಟ್ಟಿದ್ದರು. ಬಾಗಿಲಲ್ಲಿ ಕಂಡೊಡನೆ, ‘ಬನ್ನಿ ಸ್ಕ್ರೂರಾಯರೇ’ ಎನ್ನುವುದು. ನನ್ನನ್ನು ಹೆಸರಿಟ್ಟು ಕರೆದವರು ಅಕ್ಕ, ಭಾವ ಇಬ್ಬರೇ. ಮದುವೆ ಆಗಲಿಲ್ಲ ನಾನು. ಅಂಗಡಿಯ ಹಿಂದೆಯೇ ಒಂದು ಕೋಣೆ. ಮಂಚ, ಸ್ಟವ್, ಬಟ್ಟೆಯ ಹಗ್ಗ, ಅಷ್ಟೇ ನನ್ನ ಸಂಸಾರ.

ಆ ವರ್ಷ ಭಾವ ಇಂಗ್ಲೆಂಡಿನಿಂದ ಜೋಡಿ ಸ್ಪೀಕರು ತಂದರು. ತೆಳು ಹಲಗೆಯ ಪೆಟ್ಟಿಗೆ, ಮುಂದೆ ಕಂದು ಬಟ್ಟೆ, ಮೊಣಕಾಲೆತ್ತರ. ಅಲ್ಲಿ ಹಡಗು ಮೂರು ದಿನ ನಿಂತಿತ್ತಂತೆ, ಮೂರು ದಿನವೂ ಹೋಗಿ ಕೇಳಿದರಂತೆ. ಹಾಡುವ ಹೆಂಗಸು ಎರಡು ಪೆಟ್ಟಿಗೆಗಳ ನಡುವೆ, ಏನೂ ಇಲ್ಲದ ಕಡೆ, ಬಂದು ನಿಂತಿದ್ದಳು ಎಂದರು. ಕೈ ಚಾಚಿದರೆ ಸೆರಗು ಸಿಗಬೇಕು, ಅಷ್ಟು ಹತ್ತಿರ. ಹೇಳುವಾಗ ಅವರ ಮುಖ ನೋಡಿ ಅಕ್ಕ, ಇನ್ನು ಇಂಗ್ಲೆಂಡಿಗೆ ಕಳಿಸಬಾರದು ಇವರನ್ನು ಎಂದು ನಕ್ಕಳು.

ಆದರೆ ಒಂದು ಪೆಟ್ಟಿಗೆ ಬಂದರಿನಲ್ಲಿ ಇಳಿಸುವಾಗ ಬಿದ್ದಿತ್ತು. ಒಳಗೆ ಕಾಯಿಲ್ ಅಯಸ್ಕಾಂತಕ್ಕೆ ಉಜ್ಜಿ ಕರಕರ ಎನ್ನುತ್ತಿತ್ತು. ಅದನ್ನು ನನ್ನ ಅಂಗಡಿಗೆ ತಂದುಕೊಟ್ಟರು.

ಈಗ ನನ್ನ ಕೈಯ ಕತೆ ಸ್ವಲ್ಪ ಹೇಳಬೇಕು. ಅಂಗಡಿ ಹಾಕುವ ಮೊದಲು ಹನ್ನೊಂದು ವರ್ಷ ನಾನು ಸಿನಿಮಾ ಟಾಕೀಸಿನಲ್ಲಿದ್ದೆ. ಪರದೆಯ ಹಿಂದಿನ ಸ್ಪೀಕರುಗಳೆಲ್ಲ ಅಮೆರಿಕದ ಒಂದೇ ಕಂಪನಿಯವು. ಸ್ಪೀಕರು ಸರಿಯಾಗಿ ಜೋಡಿಸಿದ್ದೇವೋ ಇಲ್ಲವೋ ಎಂದು ನೋಡಲು ನಮ್ಮದೊಂದು ಕ್ರಮ. ಟಾರ್ಚಿನ ಸೆಲ್ ತೆಗೆದುಕೊಂಡು ಅದರ ಪ್ಲಸ್ ತುದಿಯನ್ನು ಸ್ಪೀಕರಿನ ಬೆನ್ನಿಗಿರುವ ಕೆಂಪು ತಿರುಪಿಗೆ, ಮೈನಸ್ ತುದಿಯನ್ನು ಕಪ್ಪು ತಿರುಪಿಗೆ ಮುಟ್ಟಿಸುವುದು. ಸ್ಪೀಕರಿನ ಬಾಯಲ್ಲಿರುವ ಕಾಗದದ ಬಟ್ಟಲು ಒಮ್ಮೆ ಚಿಮ್ಮುತ್ತದೆ. ಆ ಕಂಪನಿಯದ್ದು ಒಳಕ್ಕೆ ಹೋಗುತ್ತಿತ್ತು. ಒಳಕ್ಕೆ ಹೋದರೆ ಸರಿ, ಹೊರಕ್ಕೆ ಬಂದರೆ ತಂತಿ ತಿರುಗಿಸಬೇಕು. ನನಗೆ ಹೇಳಿಕೊಟ್ಟ ಮೇಸ್ತ್ರಿ ಹೇಳಿದ್ದು ಅಷ್ಟೇ. ಹನ್ನೊಂದು ವರ್ಷ ಹಾಗೇ ಮಾಡಿ, ಕೆಂಪಿಗೆ ಕೊಟ್ಟರೆ ಒಳಕ್ಕೆ ಎನ್ನುವುದು ನನಗೆ ಬಲಗೈ ಎಡಗೈ ಇದ್ದ ಹಾಗೆ ಆಗಿಹೋಗಿತ್ತು. ಅಂಗಡಿ ಹಾಕಿದ ಮೇಲೆ ಬಂದದ್ದೆಲ್ಲ ಒಂಟಿ ಸ್ಪೀಕರಿನ ರೇಡಿಯೋಗಳು. ಒಂಟಿಯಾಗಿದ್ದರೆ ಅದು ಒಳಕ್ಕೆ ಹೋದರೇನು, ಹೊರಕ್ಕೆ ಬಂದರೇನು, ಕೇಳುವವನಿಗೆ ಎರಡೂ ಒಂದೇ.

ಭಾವನ ಪೆಟ್ಟಿಗೆಯ ಕಾಯಿಲ್ ಸರಿಪಡಿಸಿ, ಅಂಟು ಒಣಗಲು ಎರಡು ದಿನ ಬಿಟ್ಟು, ಸೆಲ್ ಮುಟ್ಟಿಸಿ ನೋಡಿದೆ. ಕಾಗದ ಹೊರಕ್ಕೆ ಬಂತು. ಬಿಚ್ಚುವಾಗ ನಾನೇ ತಂತಿ ಅದಲುಬದಲು ಮಾಡಿರಬೇಕು ಎಂದುಕೊಂಡು ಒಳಗಿನ ಎರಡು ತಂತಿ ತಿರುಗಿಸಿ ಬೆಸೆದೆ. ಮತ್ತೆ ಮುಟ್ಟಿಸಿದೆ, ಒಳಕ್ಕೆ ಹೋಯಿತು. ಸಮಾಧಾನವಾಯಿತು. ರೇಡಿಯೋ ಜೋಡಿಸಿ ಅದೊಂದನ್ನೇ ಕೇಳಿದೆ, ಸೊಗಸಾಗಿತ್ತು. ಅದರ ಜೊತೆಯದ್ದು ಭಾವನ ಮನೆಯಲ್ಲಿತ್ತು. ತರಿಸಿ ಎರಡನ್ನೂ ಒಟ್ಟಿಗೆ ಕೇಳಬೇಕೆಂದು ತೋಚಲೇ ಇಲ್ಲ.

ಬೇರೆಲ್ಲ ದೇಶದವರದ್ದೂ ಹೊರಕ್ಕೆ ಬರುತ್ತದೆ, ಆ ಒಂದು ಕಂಪನಿಯವರ ಪದ್ಧತಿ ಮಾತ್ರ ತಿರುವುಮುರುವು ಎಂದು ನನಗೆ ಯಾರೂ ಹೇಳಿರಲಿಲ್ಲ.

ಭಾನುವಾರ ಎಲ್ಲರೂ ಸೇರಿದರು. ಭಾವ ಪೆಟ್ಟಿಗೆಗಳನ್ನು ಗೋಡೆಯಿಂದ ಗೇಣಳತೆ ಮಾಡಿ ಇಟ್ಟರು. ಎಲ್ಲರನ್ನೂ ನಡುವಿನ ಕುರ್ಚಿಗಳ ಕಡೆ ಸರಿಸಿದರು. ಆ ಹೆಂಗಸಿನ ರೆಕಾರ್ಡನ್ನೇ ಹಾಕಿದರು.

ಅವಳು ಎಲ್ಲೂ ಇರಲಿಲ್ಲ. ಹಾಡು ಕೇಳುತ್ತಿತ್ತು, ಹಾಡುವವಳಿರಲಿಲ್ಲ. ಧ್ವನಿ ಕೋಣೆಯ ಮೂಲೆಮೂಲೆಗೆ ಹರಡಿ, ಯಾರೋ ಕಿವಿಯನ್ನು ಒಳಗಿನಿಂದ ಹೀರಿದ ಹಾಗೆ. ತಾಳದ ಗುದ್ದು ಸತ್ತೇ ಹೋಗಿತ್ತು. ಒಂದು ಪೆಟ್ಟಿಗೆ ತಳ್ಳಿದ ಗಾಳಿಯನ್ನು ಇನ್ನೊಂದು ಎಳೆದುಕೊಂಡರೆ ಹೀಗಾಗುತ್ತದೆ ಎಂದು ಇವತ್ತು ನಾನು ನಿದ್ದೆಯಲ್ಲೂ ಹೇಳಬಲ್ಲೆ. ಅವತ್ತು ಗೊತ್ತಿರಲಿಲ್ಲ.

‘ಹಾಡೋಳು ಇನ್ನೂ ಹಡಗಿಂದ ಇಳಿದಿಲ್ಲ ಅಂತ ಕಾಣುತ್ತೆ’ ಎಂದ ದರ್ಜಿ.

ಭಾವ ಎದ್ದು ತಂತಿ ನೋಡಿದರು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಎಲ್ಲ ಸರಿಯಾಗಿತ್ತು. ಆಮೇಲೆ ನನ್ನ ಕಡೆ ತಿರುಗಿದರು.

‘ನಿನ್ನ ರಿಪೇರಿ ಸರಿ ಇದೆ ತಾನೇ?’

ಆರು ಜನ ನನ್ನನ್ನೇ ನೋಡುತ್ತಿದ್ದರು. ಅಂಗಡಿ ಹಾಕಿ ಮೂರು ವರ್ಷ ಆಗಿತ್ತಷ್ಟೇ.

‘ರಿಪೇರಿ ಸರಿಯಾಗೇ ಇದೆ ಭಾವ. ಆ ದೇಶವೇ ಹಾಗೆ. ಮೆತ್ತಗೆ ಮಾತಾಡೋ ಜನ, ಪೆಟ್ಟಿಗೇನೂ ಹಾಗೇ ಮಾಡ್ತಾರೆ. ಹಲಗೆ ನೋಡಿ, ಎಷ್ಟು ತೆಳು. ಎದೆಯೇ ಇಲ್ಲ ಇದಕ್ಕೆ.’

‘ಅಂಗಡೀಲಿ ಅವಳು ನನ್ನ ಮುಂದೆ ನಿಂತಿದ್ದಳು’ ಎಂದರು ಭಾವ, ಮೆಲ್ಲಗೆ.

‘ನಿಂತಿದ್ದೋಳು ಅಂಗಡಿ ಹುಡುಗಿ ಇರಬೇಕು ನೋಡಿ’ ಎಂದ ದರ್ಜಿ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಬಾಗಿಲಲ್ಲಿ ಅಕ್ಕನೂ ಸೆರಗು ಬಾಯಿಗೆ ಹಿಡಿದಳು. ಭಾವ ನಗುವವರ ಜೊತೆ ಸ್ವಲ್ಪ ನಕ್ಕು, ಎಡಗಿವಿಯನ್ನು ಕಿರುಬೆರಳಿನಿಂದ ಉಜ್ಜಿಕೊಂಡು, ಎಂಜಿನ್ ಕೋಣೆ ನನ್ನ ಕಿವಿ ಕೆಡಿಸಿದೆ ಅಂತ ಕಾಣುತ್ತೆ ಎಂದರು.

ಆ ಮಾತು ಅಲ್ಲಿಗೇ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಮರುವಾರ ಕುರ್ಚಿ ಹಾಕಲಿಲ್ಲ. ಸ್ಪೀಕರುಗಳು ಅಟ್ಟ ಸೇರಿದವು. ಮುಂದಿನ ಸಲ ಸಮುದ್ರಕ್ಕೆ ಹೋದಾಗ ಬಂದರಿನಿಂದ ನನಗೆ ಕಾಗದ ಬರೆದರು: ಇಲ್ಲಿ ಇಂಥ ದೇಶದ ಇಂಥ ಸೆಟ್ಟಿದೆ, ತರಲೋ ಬೇಡವೋ, ನೀನು ಹೇಳಿದ ಹಾಗೆ. ಮೊದಲು ಯಾವತ್ತೂ ಕೇಳಿದವರಲ್ಲ. ನಾನು ಅಕ್ಷರ ಕೂಡಿಸಿ ಕೂಡಿಸಿ ಉತ್ತರ ಬರೆದೆ, ಜಪಾನಿನದು ತನ್ನಿ. ಅದನ್ನೇ ತಂದರು. ಇನ್ನೊಂದು ಕಾಗದದಲ್ಲಿ ಒಂದು ಸಾಲಿತ್ತು. ಈಗ ಬೇರಿಂಗಿನ ಸದ್ದು ಕೇಳಲು ಇನ್ನೊಬ್ಬನನ್ನೂ ಕರೆಯುತ್ತೇನೆ, ಒಬ್ಬನೇ ಕೇಳಿ ಹೇಳುವ ಧೈರ್ಯ ಇಲ್ಲ ಎಂದು. ಎರಡು ವರ್ಷದ ಮೇಲೆ ಎಂಜಿನ್ ಕೋಣೆ ಬಿಟ್ಟು ಹಡಗಿನ ಉಗ್ರಾಣದ ಕೆಲಸ ಕೇಳಿ ತೆಗೆದುಕೊಂಡರು.

ಆ ಕಾಗದಗಳ ಸುದ್ದಿ ಊರಲ್ಲಿ ಹರಡಿ ನನಗೆ ಒಳ್ಳೆಯದೇ ಆಯಿತು. ಹಡಗಿನಲ್ಲಿ ದೇಶ ಸುತ್ತುವವರೇ ಇವನನ್ನು ಕೇಳಿ ತರುತ್ತಾರೆ ಎಂದರೆ ಸಾಮಾನ್ಯವೇ? ಯಾವ ದೇಶದ್ದು ತಗೊಳ್ಳಲಿ ಎಂದು ಕೇಳಿಕೊಂಡು ಜನ ಬರತೊಡಗಿದರು. ಇಂಗ್ಲೆಂಡಿನದು ಬೇಡ, ಎದೆಯಿಲ್ಲ ಎಂದು ನಾನು ಎಷ್ಟು ಜನಕ್ಕೆ ಹೇಳಿದೆನೋ.

ಒಂದು ಪೆಟ್ಟಿಗೆಯನ್ನು ಅಕ್ಕ ಅಟ್ಟದಿಂದ ಇಳಿಸಿ ಅಡುಗೆಮನೆಯ ಶೆಲ್ಫಿನ ಮೇಲಿಟ್ಟುಕೊಂಡು ರೇಡಿಯೋಗೆ ಜೋಡಿಸಿಕೊಂಡಳು. ನಾನು ರಿಪೇರಿ ಮಾಡಿದ್ದೇ ಅದು. ಚೆನ್ನಾಗೇ ಹಾಡುತ್ತಲ್ಲೋ ಇದು ಎನ್ನುತ್ತಿದ್ದಳು. ಅಡುಗೆಮನೆಗೆ ಅಷ್ಟು ಸಾಕು ಬಿಡು ಎನ್ನುತ್ತಿದ್ದೆ. ಒಂದು ದಿನ ಪಾತ್ರೆ ಉಜ್ಜುತ್ತ ನನ್ನ ಕಡೆ ತಿರುಗದೆ ಹೇಳಿದಳು:

‘ನಿನ್ನ ಭಾವ ಈಗ ಹಾಡು ಕೇಳಲ್ಲ ಕಣೋ. ಪೆಟ್ಟಿಗೆ ಸರಿ ಇದೆಯಾ ಅಂತ ಕೇಳ್ತಾರೆ ಅಷ್ಟೇ.’

ಕೆಲವು ವರ್ಷದಲ್ಲಿ ಜೋಡಿ ಸ್ಪೀಕರಿನ ಸೆಟ್ಟುಗಳು ಅಂಗಡಿಗೆ ಬರತೊಡಗಿದವು. ಆಗ ತಿಳಿಯಿತು, ಎಲ್ಲರದ್ದೂ ಹೊರಕ್ಕೆ, ಟಾಕೀಸಿನ ಆ ಕಂಪನಿಯದ್ದು ಮಾತ್ರ ಒಳಕ್ಕೆ. ತಿಳಿದ ದಿನ ಭಾವನ ಪೆಟ್ಟಿಗೆ ನೆನಪಾಗಬೇಕಿತ್ತು. ಆಗಲಿಲ್ಲ. ಅಥವಾ ಆಗಿ, ನಾನೇ ಅದರ ಕಡೆ ನೋಡಲಿಲ್ಲವೋ ಏನೋ. ಇಷ್ಟು ವರ್ಷದ ಮೇಲೆ ಅದನ್ನು ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಅಕ್ಕ ತೀರಿಕೊಂಡು ಆರು ವರ್ಷ. ಹಡಗಿನ ಗೆಳೆಯರಲ್ಲಿ ಈಗ ಒಬ್ಬರೂ ಇಲ್ಲ, ದರ್ಜಿಯೂ ಹೋದ. ಭಾವನಿಗೆ ಎಂಬತ್ತಮೂರು, ಮಗಳ ಜೊತೆ ಅದೇ ಮನೆಯಲ್ಲಿದ್ದಾರೆ. ಮಗಳು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಭಾನುವಾರವೂ ಅರ್ಧ ದಿನ ಡ್ಯೂಟಿ. ಆ ಹೊತ್ತಿಗೆ ನಾನು ಹೋಗಿ ಕೂರುತ್ತಿದ್ದೆ. ಮೂರು ಗಂಟೆಗೆ ಅಂಗಡಿಯಿಂದ ಹೊರಟರೆ ಇಪ್ಪತ್ತು ನಿಮಿಷದ ನಡಿಗೆ. ಅದೇ ಹಳೇ ಮಾತು, ಜರ್ಮನಿ, ಜಪಾನು. ವಾರದ ಉಳಿದ ಆರು ದಿನ ನನ್ನ ಜೊತೆ ಜನ ಆಡುವ ಮಾತು ಎರಡೇ: ಆಯ್ತಾ? ಯಾವಾಗ ಕೊಡ್ತೀರಿ? ಈಗ ಅದೂ ಕಡಿಮೆ. ಇವತ್ತಿನ ಸೆಟ್ಟಿನ ಮೇಲೆ ಹೆಸರು ಒಂದು ದೇಶದ್ದು, ಹುಟ್ಟು ಚೀನಾದ್ದು. ಮೊದಮೊದಲು ಚೀನಾದ ಬೆಸುಗೆ ನೋಡಿ ನಗುತ್ತಿದ್ದೆ. ಈಗ ಅವರ ಬೆಸುಗೆ ಎಲ್ಲರಿಗಿಂತ ಚೊಕ್ಕ. ಬಿಚ್ಚಲು ಬಾರದ ಹಾಗೆ ಅಂಟು ಹಾಕಿರುತ್ತಾರೆ ಅನ್ನುವುದೊಂದೇ ದೂರು. ಕೆಟ್ಟರೆ ಎಸೆಯುತ್ತಾರೆ, ನನ್ನ ಹತ್ತಿರ ತರುವವರಿಲ್ಲ.

ಎರಡು ವರ್ಷದ ಹಿಂದೆ ಭಾವನ ಎಡಗಿವಿ ಪೂರ್ತಿ ಹೋಯಿತು. ಬಲಗಿವಿ ಇನ್ನೂ ನೆಟ್ಟಗಿದೆ. ಡಾಕ್ಟರು ಹೇಳಿದ್ದನ್ನು ಕೇಳಿಕೊಂಡು ಬಂದು ನನಗೆ ಹೇಳಿದ್ದು ಇಷ್ಟೇ:

‘ಹೋದ್ರೆ ಹೋಗ್ಲಿ ಬಿಡು. ಎಂದೋ ಸುಳ್ಳು ಹೇಳಿದ ಕಿವಿ.’

ನಾನು ಟೀ ಕುಡಿಯುತ್ತಿದ್ದೆ. ಯಾವ ಸುಳ್ಳು ಎಂದು ಕೇಳಲಿಲ್ಲ, ಗೊತ್ತಿತ್ತು. ಆ ಭಾನುವಾರವನ್ನು ಅವರು ಮರೆತೇ ಇಲ್ಲ ಎಂದು ಅವತ್ತು ತಿಳಿಯಿತು.

ಈ ವರ್ಷ ಅಡುಗೆಮನೆಗೆ ಬಣ್ಣ ಹೊಡೆಸುವಾಗ ಅಕ್ಕನ ಮಗಳು ಶೆಲ್ಫಿನ ಮೇಲಿದ್ದ ಸ್ಪೀಕರು ಇಳಿಸಿದಳು. ಜೊತೆಯದ್ದು ಅಟ್ಟದಲ್ಲಿ ಸಿಕ್ಕಿತಂತೆ. ಎರಡನ್ನೂ ಗಾಡಿಯಲ್ಲಿ ಹಾಕಿಕೊಂಡು ಅಂಗಡಿಗೆ ಬಂದು, ಅಮ್ಮನ ನೆನಪು ಮಾಮ, ನಡೆಯೋ ಹಾಗಿದ್ರೆ ನಡೆಸಿಕೊಡು ಎಂದು ಇಟ್ಟುಹೋದಳು.

ಒಂದರ ಮೇಲೆ ನಲವತ್ತು ವರ್ಷದ ಧೂಳು, ಇನ್ನೊಂದರ ಮೇಲೆ ನಲವತ್ತು ವರ್ಷದ ಎಣ್ಣೆಯ ಜಿಡ್ಡು. ಒರೆಸಿ, ಬೆಂಚಿನ ಎರಡು ತುದಿಗೆ ಇಟ್ಟು, ರೇಡಿಯೋ ಜೋಡಿಸಿದೆ. ವಾರ್ತೆ ಬರುತ್ತಿತ್ತು. ಓದುವವನು ಎಲ್ಲೂ ಇರಲಿಲ್ಲ.

ನಾನು ಏನೂ ಯೋಚಿಸಲಿಲ್ಲ. ಕೈ ತಾನಾಗಿ ಸೆಲ್ ಹುಡುಕಿತು. ಧೂಳಿನದಕ್ಕೆ ಮುಟ್ಟಿಸಿದೆ, ಹೊರಕ್ಕೆ ಬಂತು. ಜಿಡ್ಡಿನದಕ್ಕೆ ಮುಟ್ಟಿಸಿದೆ, ಒಳಕ್ಕೆ ಹೋಯಿತು. ಹಿಂದಿನ ಹಲಗೆ ಬಿಚ್ಚಿದೆ. ಎರಡು ತಂತಿಯ ತುದಿಯಲ್ಲಿ ನನ್ನ ಬೆಸುಗೆ. ಒಬ್ಬೊಬ್ಬನ ಬೆಸುಗೆ ಅವನ ಅಕ್ಷರವಿದ್ದ ಹಾಗೆ. ತುದಿಯಲ್ಲಿ ಸ್ವಲ್ಪ ಎಡಕ್ಕೆ ಎಳೆದು ಬಿಡುವುದು ನನ್ನ ಚಾಳಿ. ಪಕ್ಕದಲ್ಲೇ ಅವರ ಬೆಸುಗೆಗಳು, ಒಂದೊಂದೂ ಜೋಳದ ಕಾಳಿನಷ್ಟು ದುಂಡಗೆ. ಸಾಲಿನಲ್ಲಿ ತಪ್ಪಾಗಿದ್ದದ್ದು ನಾನು ಬರೆದ ಅಕ್ಷರ ಮಾತ್ರ.

ತಂತಿ ತಿರುಗಿಸಿ ಬೆಸೆದು, ಮುಚ್ಚಿ, ಮತ್ತೆ ರೇಡಿಯೋ ಹಾಕಿದೆ. ವಾರ್ತೆ ಓದುವವನು ನನ್ನ ಬೆಂಚಿನ ನಡುಮಧ್ಯೆ, ಮಲ್ಟಿಮೀಟರಿನ ಪಕ್ಕದಲ್ಲಿ, ಬಂದು ಕೂತುಬಿಟ್ಟ. ಅವನು ಉಸಿರೆಳೆದುಕೊಳ್ಳುವುದೂ ಕೇಳಿಸಿತು. ಇಷ್ಟು ವರ್ಷ ಎಷ್ಟೊಂದು ದೇಶದ ಪೆಟ್ಟಿಗೆ ಕೇಳಿದ್ದೇನೆ, ಹೀಗೆ ಮನುಷ್ಯನನ್ನು ತಂದು ಎದುರಿಗೆ ಕೂರಿಸಿದ್ದು ಇನ್ನೊಂದು ನೆನಪಿಗೆ ಬರುವುದಿಲ್ಲ. ತೆಳು ಹಲಗೆ ಬೇಕೆಂದೇ ಮಾಡಿದ್ದು, ಹಲಗೆಯ ನಡುಕ ಹೀರುವ ಒಳಗಿನ ಟಾರಿನ ಹಾಳೆ ಬೇಕೆಂದೇ ಅಂಟಿಸಿದ್ದು. ಮಾಡಿದವರಿಗೆ ಅವರು ಮಾಡುತ್ತಿದ್ದುದು ಗೊತ್ತಿತ್ತು.

ಹಾಗೇ ಸುಮ್ಮನೆ ಕೊಟ್ಟುಬಿಡಬಹುದಿತ್ತು. ಅಕ್ಕನ ಮಗಳು ಚೆನ್ನಾಗಿದೆ ಮಾಮ ಎನ್ನುತ್ತಿದ್ದಳು, ಅಷ್ಟೇ. ಭಾವನಿಗೆ ಒಂದೇ ಕಿವಿ. ನಡುವೆ ಯಾರಾದರೂ ನಿಂತಿದ್ದಾರೋ ಇಲ್ಲವೋ ತಿಳಿಯಲು ಎರಡು ಕಿವಿ ಬೇಕು. ನಾನು ಹೇಳದಿದ್ದರೆ ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ನಾಲ್ಕು ದಿನ ಪೆಟ್ಟಿಗೆಗಳನ್ನು ಅಂಗಡಿಯಲ್ಲೇ ಇಟ್ಟುಕೊಂಡೆ. ಹೇಳಿದರೆ ಭಾನುವಾರ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ನನಗಿದ್ದದ್ದು ಅದೊಂದು ಮನೆ. ಆದರೆ ಸುಳ್ಳು ಹೇಳಿದ ಕಿವಿ ಎಂದರಲ್ಲ, ಅದು ಮನಸ್ಸಿನಿಂದ ಹೋಗಲಿಲ್ಲ. ಆ ಕಿವಿ ಸುಳ್ಳು ಹೇಳಿರಲಿಲ್ಲ. ಸಾಯುವವರೆಗೂ ಅವರು ಅದನ್ನೇ ನಂಬಿಕೊಂಡಿದ್ದರೆ?

ಭಾನುವಾರ ಬಾಡಿಗೆ ಗಾಡಿಯಲ್ಲಿ ಪೆಟ್ಟಿಗೆಗಳನ್ನು ತೆಗೆದುಕೊಂಡು ಹೋದೆ. ‘ಬನ್ನಿ ಸ್ಕ್ರೂರಾಯರೇ’ ಎಂದರು. ಮುಂದಿನ ಕೋಣೆಯಲ್ಲಿ ಹಳೆಯ ಜಾಗದಲ್ಲೇ ಇಟ್ಟು, ಗೇಣಳತೆ ಮಾಡಿ, ತಂತಿ ಜೋಡಿಸಿದೆ. ಆಮೇಲೆ ಅವರ ಬಲಗಡೆ ಕೂತು ಹೇಳಿದೆ. ಟಾಕೀಸು, ಮೇಸ್ತ್ರಿ, ಸೆಲ್, ಒಳಕ್ಕೆ, ಹೊರಕ್ಕೆ, ಎಲ್ಲ. ನಡುವೆ ಅವರು ಒಂದೇ ಒಂದು ಪ್ರಶ್ನೆ ಕೇಳಿದರು, ಕಾಗದ ಯಾವ ಕಡೆ ಹೋಯಿತು ಎಂದು. ಹೇಳಿದೆ.

‘ಪೆಟ್ಟಿಗೆ ಸರಿ ಇತ್ತು ಭಾವ. ನಿಮ್ಮ ಕಿವೀನೂ ಸರಿ ಇತ್ತು. ತಪ್ಪು ನನ್ನದು.’

ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು, ಅದು ನಿಂತಿತು.

‘ಹಾಕು’ ಎಂದರು.

‘ಯಾವುದು ಹಾಕ್ಲಿ?’

‘ಯಾವುದಾದ್ರೂ.’

ರೇಡಿಯೋ ಹಾಕಿದೆ. ಒಬ್ಬಳು ಹವಾಮಾನ ಓದುತ್ತಿದ್ದಳು. ಭಾವ ತಲೆ ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಒಂದೇ ಕಿವಿಗೆ ಎಲ್ಲ ಧ್ವನಿಯೂ ಆ ಕಿವಿಯ ಕಡೆಯಿಂದಲೇ ಬರುತ್ತದೆ. ಎದ್ದು, ನಡುವಿನ ಕುರ್ಚಿಯನ್ನು ನನಗೆ ತೋರಿಸಿದರು. ನಾನು ಕೂತೆ.

‘ಎಲ್ಲಿದ್ದಾಳೆ?’

ತೋರಿಸಿದೆ. ಅವರು ನಡೆದು ಹೋಗಿ ಎರಡು ಪೆಟ್ಟಿಗೆಗಳ ನಡುವೆ, ಗೋಡೆಗೆ ಬೆನ್ನು ಹಾಕಿ ನಿಂತರು.

‘ಇಲ್ಲೇನಾ?’

‘ಸ್ವಲ್ಪ ಎಡಕ್ಕೆ ಭಾವ. ಅಲ್ಲೇ.’

‘ಎತ್ತರ?’

‘ನಿಮ್ಮ ಎದೆ ಮಟ್ಟ. ಕೂತು ಓದ್ತಿರೋ ಹಾಗಿದೆ.’

ಅವರು ಕೈಯನ್ನು ಎದೆಯ ಮಟ್ಟಕ್ಕೆ ಗಾಳಿಯಲ್ಲಿ ಹಿಡಿದು, ನಾನು ತಲೆಯಾಡಿಸುವವರೆಗೆ ಸ್ವಲ್ಪ ಇಳಿಸಿದರು. ಹಾಗೇ ನಿಂತಿದ್ದರು. ಕರಾವಳಿಯಲ್ಲಿ ಗಾಳಿ ಜೋರಿರುತ್ತದೆ ಎಂದು ಅವಳು ಓದಿ ಮುಗಿಸಿದಳು.

‘ಇದಕ್ಕೂ ನಿನ್ನ ಮಾತೇ ನಂಬಬೇಕಲ್ಲೋ ನಾನು’ ಎಂದರು.

ನಾನು ಎದ್ದು ರೇಡಿಯೋ ಆರಿಸಿದೆ.

‘ನೀನು ಹೋಗು ಈಗ.’

ಬರುವ ಭಾನುವಾರ ಬರಲೇ ಎಂದು ಬಾಗಿಲಲ್ಲಿ ಕೇಳಿದೆ. ನಾನೇ ಹೇಳಿ ಕಳಿಸುತ್ತೇನೆ ಎಂದರು. ಕೋಪದ ದನಿಯಲ್ಲ. ದಣಿದವರ ದನಿ.

ಐದು ಭಾನುವಾರ ಆಯಿತು, ಹೇಳಿ ಕಳಿಸಿಲ್ಲ. ಹೋದ ವಾರ ಅಕ್ಕನ ಮಗಳು ಲ್ಯಾಬಿನಿಂದ ಬರುವ ದಾರಿಯಲ್ಲಿ ಅಂಗಡಿಗೆ ಬಂದಳು. ಅಪ್ಪನಿಗೆ ಏನಾಗಿದೆಯೋ ಗೊತ್ತಿಲ್ಲ ಎಂದಳು. ಮನೆಗೆ ಯಾರೇ ಬಂದರೂ ಹಿಡಿದು ಆ ಕುರ್ಚಿಯಲ್ಲಿ ಕೂರಿಸುತ್ತಾರಂತೆ. ಹಾಲಿನವನು, ಮೀಟರ್ ಓದುವವನು, ದರ್ಜಿಯ ಸೊಸೆ, ನಲ್ಲಿ ರಿಪೇರಿಯವನು. ರೇಡಿಯೋ ಹಾಕಿ, ಅವಳು ಎಲ್ಲಿ ನಿಂತಿದ್ದಾಳೆ ಹೇಳಿ ಎನ್ನುತ್ತಾರಂತೆ. ಮೀಟರಿನವನು ಹೆದರಿ ಯಾರು ಎಂದು ಕೇಳಿದನಂತೆ. ಆಮೇಲೆ ಅವನೂ ಕೈ ಮಾಡಿ ತೋರಿಸ್ತಾನೆ ಮಾಮ, ಎಲ್ಲರೂ ಅದೇ ಜಾಗ ತೋರಿಸ್ತಾರೆ, ಒಬ್ಬರೂ ಬೇರೆ ಕಡೆ ತೋರಿಸಿಲ್ಲ ಎಂದಳು. ಅಷ್ಟು ಹೇಳಿಸಿಕೊಂಡು ಅವರಿಗೆ ಟೀ ಕೊಟ್ಟು ಕಳಿಸುವುದಂತೆ. ಇಂಗ್ಲೆಂಡಿನಲ್ಲಿ ಮೂರು ದಿನ ಕೂತು ಕೇಳಿ ಆರಿಸಿ ತಂದದ್ದು ಎಂದು ಎಲ್ಲರಿಗೂ ಹೇಳುತ್ತಾರಂತೆ.

‘ರಿಪೇರಿ ಯಾರು ಮಾಡಿದ್ದು ಅಂತ ಯಾರೂ ಕೇಳಲ್ವಾ?’ ಎಂದೆ. ಕೇಳಬಾರದಿತ್ತು.

‘ನಲ್ಲಿಯವನು ಕೇಳಿದ. ಯಾರೋ ಒಬ್ಬ, ಗೊತ್ತಿಲ್ಲ ಅಂದ್ರು.’ ಅವಳು ನನ್ನ ಮುಖ ನೋಡಿದಳು. ‘ನೀವಿಬ್ರು ಜಗಳ ಆಡಿದ್ರಾ?’

ಇಲ್ಲಮ್ಮ, ಕೈತುಂಬ ಕೆಲಸ ಎಂದೆ. ಅವಳು ಬೆಂಚಿನ ಕಡೆ ನೋಡಿದಳು. ಅಲ್ಲಿ ಒಂದೇ ಒಂದು ಸೆಟ್ಟಿತ್ತು, ಅದೂ ಮುಚ್ಚಿ ಕೊಡಲು ಸಿದ್ಧವಾದದ್ದು. ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟಳು.

ಈಗ ಭಾನುವಾರವೂ ಅಂಗಡಿ ತೆರೆಯುತ್ತೇನೆ. ಬೀದಿಯಲ್ಲಿ ಬೇರೆ ಯಾರ ಶಟರೂ ಎದ್ದಿರುವುದಿಲ್ಲ, ಯಾರೂ ಬರುವುದಿಲ್ಲ. ಮೂರು ಗಂಟೆ ಹೊತ್ತಿಗೆ ಎದ್ದು ಕೈ ತೊಳೆದು ಒರೆಸಿಕೊಳ್ಳುತ್ತೇನೆ. ಆಮೇಲೆ ಬಂದು ಅಲ್ಲೇ ಕೂರುತ್ತೇನೆ.